ಬೇಳೆಯಲ್ಲಿ ಹುಳ, ಕೆರೆಯಲ್ಲಿ ಚಿಗವ್ವ

14 ದಿನ. ನಮ್ಮ ಶಾಲೆಯ ಬಿಸಿಯೂಟದ ತೊಗರಿ ಬೇಳೆಗೆ ಹುಳ ಹತ್ತಿದೆ ಅಂತ ಅಡುಗೆ ಮಾಡುವ ಇಬ್ಬರಿಗೂ 14 ದಿನದಿಂದ ಗೊತ್ತಿತ್ತು. ಮುಖ್ಯ ಶಿಕ್ಷಕಿಯಾದ ನನಗೆ ಗೊತ್ತಿರಲಿಲ್ಲ.

ಇದು 2023ರ ಫೆಬ್ರುವರಿ ಮಾತು. ಬೀದರ್ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ನನಗೆ ಪ್ರಭಾರ ಸಿಕ್ಕಿ ಎಂಟು ತಿಂಗಳಾಗಿತ್ತು. ಅವತ್ತು ಏನೋ ಕೆಲಸವಿತ್ತು ಅಂತ ಬೇಗ ಹೋದೆ. ಅಡುಗೆ ಕೋಣೆಯ ಹಿಂದೆ ಹಳೆ ಸೀರೆ ಹಾಸಿ, ಅದರ ಮೇಲೆ ಬೇಳೆ ಹರಡಿದ್ದರು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹುಳ ಆರಿಸುತ್ತಿದ್ದರು. ದಿನಾ ಒಂದು ಗಂಟೆ ಮುಂಚೆ ಬಂದು ಹೀಗೇ ಮಾಡುತ್ತಿದ್ದರಂತೆ. ಬಿಸಿಲಿಗೆ ಒಣಗಿಸಿ, ಕೇರಿ, ಮೂರು ಸಲ ತೊಳೆದು ಬೇಯಿಸುತ್ತಿದ್ದರು. ಮಕ್ಕಳ ತಟ್ಟೆಗೆ ಒಂದು ಹುಳವೂ ಬಿದ್ದಿರಲಿಲ್ಲ. ಬಡಿಸುವ ಮೊದಲು ರುಚಿ ನೋಡುತ್ತಿದ್ದ ನನಗೂ ಗೊತ್ತಾಗಿರಲಿಲ್ಲ.

"ನನಗೆ ಯಾಕೆ ಹೇಳಲಿಲ್ಲ?" ಅಂದೆ.

ಇಬ್ಬರಲ್ಲಿ ದೊಡ್ಡವರು ತಲೆ ಎತ್ತದೆ ಹೇಳಿದರು: "ಹ್ಯಾಂಗ ಹೇಳ್ಬೇಕ್ರಿ ಮೇಡಂ? ಸಿಲಿಂಡರ್ ಮುಗಿಲತ್ತದ ಅಂತ ಆಗ ಹೇಳಿದ್ದೆನ್ರಿ. ಏನಾಯ್ತು ನಿಮಗ ಗೊತ್ತದಲ್ರಿ."

ಗೊತ್ತಿತ್ತು. ಸೆಪ್ಟೆಂಬರಿನಲ್ಲಿ ಒಂದು ದಿನ ಅರ್ಧ ಅಡುಗೆಯಲ್ಲೇ ಗ್ಯಾಸ್ ಮುಗಿದಿತ್ತು. ನಾನು ಮಕ್ಕಳೆದುರಿಗೇ ಅವರಿಗೆ ಬೈದಿದ್ದೆ. ಮೊದಲೇ ಹೇಳೋಕೆ ಆಗಲ್ವಾ ಅಂದಿದ್ದೆ. ಆದರೆ ಅವರು ಎರಡು ದಿನ ಮುಂಚೆಯೇ ಬಂದು ಹೇಳಿದ್ದರು. ನಾನು ಫೋನಿನಲ್ಲಿದ್ದೆ. ಆಯ್ತು ಆಯ್ತು ಅಂತ ಕೈ ಬೀಸಿ ಕಳಿಸಿದ್ದೆ. ಬೈಯುವಾಗ ಅದು ನೆನಪಿಗೂ ಬರಲಿಲ್ಲ. ಅವರೂ ನೆನಪು ಮಾಡಿಕೊಡಲಿಲ್ಲ. ನನ್ನ ಹತ್ತಿರ ಕೆಟ್ಟ ಸುದ್ದಿ ತರಬಾರದು ಅಂತ ಅವತ್ತೇ ಅವರು ನಿಶ್ಚಯ ಮಾಡಿಬಿಟ್ಟಿದ್ದರು.

ಬೇಳೆ ಬದಲಾಯಿಸಿದ್ದೇನೋ ಆಯ್ತು. ನನ್ನ ಮನಸ್ಸಿಗೆ ಮಾತ್ರ ಸಮಾಧಾನ ಇರಲಿಲ್ಲ. ರಜಿಸ್ಟರು ಸರಿ ಇತ್ತು, ಹಾಜರಿ ಸರಿ ಇತ್ತು, ಸಭೆಗಳಲ್ಲಿ ನನ್ನ ಶಾಲೆಯ ಬಗ್ಗೆ ಒಳ್ಳೆಯ ಮಾತೇ ಬರುತ್ತಿತ್ತು. ನಾನು ಚೆನ್ನಾಗಿ ನಡೆಸುತ್ತಿದ್ದೇನೆ ಅಂತಲೇ ನಂಬಿದ್ದೆ.

ಬೇಸಿಗೆ ರಜೆಗೆ ತವರಿಗೆ ಹೋದೆ. ಅದು ಚುನಾವಣೆಯ ಕಾಲ. ಮೇ 10ಕ್ಕೆ ಮತದಾನ. ಬೆಳಗಾದರೆ ಜೀಪು, ಮೈಕು, "ನಮ್ಮ ನಾಯಕರು" ಅನ್ನುವ ಕೂಗು. ಊರ ಕೆರೆಯಲ್ಲಿ ಉದ್ಯೋಗ ಖಾತ್ರಿಯಲ್ಲಿ ಹೂಳು ತೆಗೆಯುವ ಕೆಲಸ ನಡೆದಿತ್ತು. ನಮ್ಮ ಚಿಗವ್ವ, ಅಂದರೆ ಚಿಕ್ಕಮ್ಮ, ಅಲ್ಲಿ ಕಾಯಕ ಬಂಧು. ಬೇರೆ ರಾಜ್ಯಗಳಲ್ಲಿ ಮೇಟ್ ಅಂತಾರಲ್ಲ, ಅವರಿಗೆ ನಮ್ಮಲ್ಲಿ ಇಟ್ಟ ಹೆಸರು ಅದು. ಗುಂಪು ಸೇರಿಸುವುದು, ಕೆಲಸಕ್ಕೆ ಅರ್ಜಿ ಕೊಡಿಸುವುದು, ಗೆರೆ ಹಾಕಿ ಕೆಲಸ ಹಂಚುವುದು, ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಹಾಜರಿ ಫೋಟೊ ತೆಗೆಯುವುದು, ಎಲ್ಲ ಅವಳದೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳ ಗುಂಪಿನಲ್ಲಿ 40ಕ್ಕೂ ಜಾಸ್ತಿ ಜನ.

ಮನೆಯಲ್ಲಿ ಸುಮ್ನೆ ಕೂತು ಬೇಜಾರಾಗಿ ಒಂದು ದಿನ ಅವಳ ಜೊತೆ ಹೋದೆ. ಆಮೇಲೆ ಎಂಟು ದಿನ ಬಿಡದೆ ಹೋದೆ.

ಬೆಳಗ್ಗೆ ಆರಕ್ಕೇ ಎಲ್ಲರೂ ಕೆರೆಯಲ್ಲಿ. ಗುದ್ದಲಿ ಹಿಡಿಯುವ ಮೊದಲು ಅವಳು ದಿನಾ ಒಂದು ಮಾತು ಕೇಳುತ್ತಿದ್ದಳು: "ಇವತ್ತು ಯಾರಿಗಿ ಆರಾಮಿಲ್ಲ? ಈಗೇ ಹೇಳ್ರಿ. ಬಿಸಿಲು ಏರಿದ ಮ್ಯಾಲ ಹೇಳಬ್ಯಾಡ್ರಿ."

ಕೇಳಿ ಸುಮ್ಮನೆ ನಿಲ್ಲುತ್ತಿದ್ದಳು. ಬೇರೆ ಕೆಲಸಕ್ಕೆ ತಿರುಗುತ್ತಿರಲಿಲ್ಲ. ಯಾರಾದರೂ ಕೈ ಎತ್ತುವವರೆಗೆ, ಇಲ್ಲಾ ಎಲ್ಲರ ಮುಖ ಒಂದು ಸುತ್ತು ನೋಡುವವರೆಗೆ ಕಾಯುತ್ತಿದ್ದಳು. ರಾತ್ರಿ ಜ್ವರ ಬಂದಿತ್ತು ಅಂದವಳಿಗೆ ನೀರು ಕೊಡುವ ಕೆಲಸ. ಸೊಂಟ ನೋವು ಅಂದವಳಿಗೆ ನೆರಳಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಕೆಲಸ. ಉಳಿದವರನ್ನು ಜೋಡಿ ಮಾಡುವಾಗ ಗಟ್ಟಿಯವರ ಜೊತೆ ಗಟ್ಟಿಯವರನ್ನು ಹಾಕುತ್ತಿರಲಿಲ್ಲ. ಅಗೆಯುವ ಒಬ್ಬ ಹುಡುಗನಿಗೆ ಪುಟ್ಟಿ ಹೊರುವ ಒಬ್ಬ ವಯಸ್ಸಾದವಳು, ಹೀಗೆ.

ಇದನ್ನು ಬರೀ ಕರುಣೆ ಅಂದುಕೊಳ್ಳಬೇಡಿ. ಹಿಂದೆ ಲೆಕ್ಕ ಇತ್ತು. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ₹316. ಆದರೆ ಬಂದು ನಿಂತ ಮಾತ್ರಕ್ಕೆ ಪೂರ್ತಿ ಕೂಲಿ ಬರುತ್ತಿರಲಿಲ್ಲ. ಇಂಜಿನಿಯರ್ ಬಂದು ಎಷ್ಟು ಮಣ್ಣು ತೆಗೆದಿದ್ದಾರೆ ಅಂತ ಅಳೆಯುತ್ತಿದ್ದರು. ಕಾಲು ಭಾಗ ಕಮ್ಮಿ ಬಿದ್ದರೆ ₹237ಕ್ಕೆ ಇಳಿಯುತ್ತಿತ್ತು. ನಮ್ಮ ಕಡೆ ಬಿಸಿಲು ಜಾಸ್ತಿ ಅಂತ ಏಪ್ರಿಲ್, ಮೇ ತಿಂಗಳಲ್ಲಿ ಅಳತೆಯಲ್ಲಿ ಶೇ 30ರಷ್ಟು ರಿಯಾಯಿತಿ ಇರುತ್ತಿತ್ತು. ಆದರೂ ಮಧ್ಯಾಹ್ನ ಇಬ್ಬರು ತಲೆ ಸುತ್ತಿ ಕೂತರೆ ಇಡೀ ಗುಂಪಿನ ಲೆಕ್ಕ ಕೆಡುತ್ತಿತ್ತು. ಆರು ಗಂಟೆಗೇ ಗೊತ್ತಾದರೆ ಕೆಲಸ ಬದಲಾಯಿಸಬಹುದು. ಹನ್ನೊಂದಕ್ಕೆ ಗೊತ್ತಾದರೆ ಆಸ್ಪತ್ರೆಗೆ ಕರೆದುಕೊಂಡು ಓಡಬೇಕು.

ಐದನೆಯ ದಿನ ನಡೆದದ್ದನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಗುಂಪಿನಲ್ಲಿ ಪಿಯುಸಿ ಮುಗಿಸಿದ ಒಬ್ಬ ಹುಡುಗನಿದ್ದ. ಟೇಪು ಹಿಡಿದು ಆಳ ನೋಡುವುದು ಅವನ ಕೆಲಸ. ಅಗೆಯುವಾಗ ನಡುನಡುವೆ ಮಣ್ಣಿನ ಗುಡ್ಡೆ ಹಾಗೇ ಬಿಟ್ಟಿರುತ್ತಾರೆ, ಮೊದಲು ನೆಲ ಎಲ್ಲಿತ್ತು ಅಂತ ಗೊತ್ತಾಗಲಿ ಅಂತ. ಅದರ ಪಕ್ಕಕ್ಕೆ ಟೇಪು ಇಳಿಸಿ ನೋಡುವುದು. ಆ ಟೇಪಿನ ತುದಿ ಆರು ಇಂಚು ಹರಿದು ಹೋಗಿತ್ತು. ಅವನು ಅದನ್ನು ಗಮನಿಸಿರಲಿಲ್ಲ. ಎರಡು ಅಡಿ ಅಂತ ಓದಿದ್ದು ಅಸಲಿಗೆ ಒಂದೂವರೆ ಅಡಿ. ಎರಡು ದಿನದ ಕೆಲಸ ಪೂರ್ತಿ ಹೀಗೇ ಆಗಿತ್ತು. ಅಳತೆಗೆ ಇನ್ನು ಮೂರೇ ದಿನ.

ಹುಡುಗ ತಾನಾಗೇ ಬಂದ. ಮುಖ ಬಿಳಿಚಿತ್ತು. "ಕಾಕಿ, ನಂದೇ ತಪ್ಪು ಆಗ್ಯಾದ" ಅಂತ ಟೇಪಿನ ತುದಿ ತೋರಿಸಿದ.

ನಾನು ಚಿಗವ್ವನ ಮುಖವನ್ನೇ ನೋಡುತ್ತಿದ್ದೆ. ಅವಳ ಜಾಗದಲ್ಲಿ ನಾನಿದ್ದರೆ ಬಾಯಿಂದ ಮೊದಲು ಏನು ಬರುತ್ತಿತ್ತು ಅಂತ ನನಗೆ ಚೆನ್ನಾಗಿ ಗೊತ್ತು.

"ಇವತ್ತೇ ಹೇಳಿದಿ, ಛಲೋ ಮಾಡಿದಿ" ಅಂದಳು ಚಿಗವ್ವ. "ಇನ್ನಾ ಮೂರು ದಿನ ಅವ. ಎಷ್ಟು ಕಮ್ಮಿ ಬಿದ್ದದ, ತೋರ್ಸು ನಡಿ."

ಅಷ್ಟೇ. ಇಬ್ಬರೂ ಹೋಗಿ ಮತ್ತೆ ಅಳೆದರು. ಆಮೇಲೆ ಗುಂಪಿಗೆ ಅವಳೇ ಹೇಳಿದಳು, ಟೇಪು ಹರಿದದ್ದು ನಾನು ನೋಡಬೇಕಿತ್ತು, ನೋಡಲಿಲ್ಲ ಅಂತ. ಹುಡುಗನ ಹೆಸರು ತೆಗೆಯಲೇ ಇಲ್ಲ. ಜನ ಗೊಣಗಿದರು. ಒಬ್ಬರಂತೂ ಜೋರಾಗೇ ಬೈದರು. ಅವಳು ನಿಂತು ಕೇಳಿಸಿಕೊಂಡಳು. ಮೂರು ದಿನ ಅರ್ಧ ಗಂಟೆ ಮುಂಚೆ ಬಂದು ಎಲ್ಲರೂ ಆ ಅರ್ಧ ಅಡಿ ತೆಗೆದರು. ಅಳತೆ ಕೂಡಿತು.

ಹಾಗಂತ ಅವಳು ಎಲ್ಲದಕ್ಕೂ ಹೂಂ ಅನ್ನುವವಳಲ್ಲ. ಬೀದರಿಗೆ ಹೋಗಿದ್ದ ನಮ್ಮ ಸಂಬಂಧಿಕರೊಬ್ಬರು ಅವತ್ತಿನ ಹಾಜರಿ ಹಾಕು ಅಂತ ಮನೆಗೇ ಬಂದು ಕೇಳಿದರು. ಆಗಲ್ಲ ಅಂದಳು. ಅವರು ನಮ್ಮ ಜೊತೆ ಮಾತು ಬಿಟ್ಟರು, ಅವಳಿಗೆ ಅದರ ಬೇಸರ ಇತ್ತು. ಆದರೂ ಮನಸ್ಸು ಬದಲಾಯಿಸಲಿಲ್ಲ. ಇನ್ನೊಂದು, ಹಳೆ ಕೂಲಿ ಖಾತೆಗೆ ಬಂದಿಲ್ಲ ಅಂತ ಯಾರಾದರೂ ಕೇಳಿದರೆ ನಾಳೆ ಬರುತ್ತದೆ ಅಂತ ಸುಳ್ಳು ಸಮಾಧಾನ ಹೇಳುತ್ತಿರಲಿಲ್ಲ. ಪಂಚಾಯ್ತಿಗೆ ಹೋಗಿ ಪಿಡಿಒ ಹತ್ತಿರ ಕೇಳಿ ಬರುತ್ತಿದ್ದಳು. ಅಲ್ಲಿ ಏನೂ ಉತ್ತರ ಸಿಗದಿದ್ದರೂ ವಾಪಸ್ ಬಂದು, ಕೇಳಿದೆ, ಇನ್ನೂ ಗೊತ್ತಾಗಿಲ್ಲ ಅಂತ ಹೇಳುತ್ತಿದ್ದಳು. ಆ ವಾಪಸ್ ಬಂದು ಹೇಳುವುದನ್ನು ನಾವು ಎಷ್ಟು ಜನ ಮಾಡ್ತೀವಿ?

ಆ ವರ್ಷ ಡಿಸೆಂಬರಿನಲ್ಲಿ ಮಕ್ಕಳನ್ನು ಬೀದರಿಗೆ ಕರೆದುಕೊಂಡು ಹೋಗಿದ್ದೆ. ಕೋಟೆ ನೋಡಿ, ಮಹಮೂದ್ ಗವಾನ್ ಮದರಸಾಕ್ಕೆ ಬಂದೆವು. 1472ರಲ್ಲಿ ಕಟ್ಟಿಸಿದ್ದು. ಎರಡು ಮಿನಾರುಗಳಲ್ಲಿ ಈಗ ಒಂದೇ ಉಳಿದಿದೆ, ಅದರ ಮೇಲೆ ಹಸಿರು ನೀಲಿ ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ. ಕಟ್ಟಿಸಿದವನ ಕತೆ ಹೇಳಿದೆ. ಇರಾನಿನ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದವನು. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ ಪ್ರಾಂತಾಧಿಕಾರಿಗಳ ಕೈ ಬಿಗಿ ಮಾಡಿದ. ಅವರಿಗೆ ಆಗದವನಾದ. ಅವನ ಮುದ್ರೆ ಕಾಯುವವನಿಗೆ ಕುಡಿಸಿ, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿ, ಒಡಿಶಾದ ರಾಜನಿಗೆ ಬರೆದ ದ್ರೋಹದ ಪತ್ರ ಅಂತ ಸುಲ್ತಾನನ ಕೈಗೆ ಕೊಟ್ಟರು. 1481ರಲ್ಲಿ ಸುಲ್ತಾನ ಮೂರನೇ ಮುಹಮ್ಮದ್ ಆ ಮುದುಕನನ್ನು ಕೊಲ್ಲಿಸಿದ. ಮೋಸ ಗೊತ್ತಾದ ಮೇಲೆ ಕೊರಗಿ ಮರುವರ್ಷ ತಾನೂ ಸತ್ತ. ಮುಂದೆ ರಾಜ್ಯ ಐದು ಹೋಳಾಯಿತು.

ಏಳನೇ ಕ್ಲಾಸಿನ ಒಬ್ಬಳು ಕೇಳಿದಳು: "ಮುದ್ರೆ ಕಾಯೋನಿಗಿ ಕರೆದು ಒಂದು ಮಾತು ಯಾಕ ಕೇಳಲಿಲ್ರಿ ಮೇಡಂ?"

ನನಗೆ ಸಿಲಿಂಡರಿನ ದಿನ ನೆನಪಾಯಿತು. ಕೇಳಿದ್ದರೂ ಅವನು ಹೇಳುತ್ತಿದ್ದನೋ ಇಲ್ಲವೋ ಅಂದೆ. ಹೇಳಿದರೆ ತಲೆ ಉಳಿಯುತ್ತದೆ ಅಂತ ಅವನಿಗೆ ನಂಬಿಕೆ ಇರಬೇಕಿತ್ತಲ್ಲ. ಹುಡುಗಿ ಬಹಳ ಹೊತ್ತು ಮಿನಾರು ನೋಡುತ್ತಾ ನಿಂತಿದ್ದಳು.

ಅಷ್ಟೊತ್ತಿಗೆ ನಾನು ಚಿಗವ್ವನ ರೀತಿ ಶುರು ಮಾಡಿ ಆರು ತಿಂಗಳಾಗಿತ್ತು. ದಿನಾ ಮೊದಲು ಅಡುಗೆ ಕೋಣೆಗೆ ಹೋಗುತ್ತಿದ್ದೆ. ಫೋನು ಬ್ಯಾಗಿನಲ್ಲಿ. "ಇವತ್ತು ಏನು ಕಮ್ಮಿ ಇದೆ?" ಅಂತ ಕೇಳಿ ನಿಲ್ಲುತ್ತಿದ್ದೆ. ಸಿಲಿಂಡರಿನ ವಿಷಯಕ್ಕೆ ಮಕ್ಕಳೆದುರಿಗೇ ಕ್ಷಮೆ ಕೇಳಿದ್ದೆ, ಬೈದದ್ದೂ ಅವರೆದುರಿಗೇ ಅಲ್ವಾ? ಆದರೂ ತಿಂಗಳುಗಟ್ಟಲೆ ಒಂದೇ ಉತ್ತರ: ಎಲ್ಲಾ ಬರಾಬರಿ ಅದರಿ ಮೇಡಂ. ಒಮ್ಮೆ ಹೋದ ನಂಬಿಕೆ ಎಷ್ಟು ನಿಧಾನಕ್ಕೆ ಬರುತ್ತದೆ ಅನ್ನುವುದು ನನಗೆ ಆಗ ತಿಳಿಯಿತು. ಆಗಸ್ಟಿನಲ್ಲಿ ಮೊದಲ ಸಲ ಉಪ್ಪು ಮುಗಿಯುತ್ತಿದೆ ಅಂದರು. ನಾನೇ ಅಂಗಡಿಗೆ ಹೋಗಿ ತಂದೆ. ಅಕ್ಟೋಬರಿನಲ್ಲಿ ಎರಡು ಟ್ರೇ ಮೊಟ್ಟೆಯಲ್ಲಿ ಒಡಕು ಬಂದಿದೆ ಅಂದರು.

ಜನವರಿಯಲ್ಲಿ ಒಂದು ದಿನ ನಾನು ಬಸ್ಸಿಳಿದು ಗೇಟಿನ ಹತ್ತಿರ ಬರುವಷ್ಟರಲ್ಲೇ ದೊಡ್ಡವರು ಎದುರಿಗೆ ಬಂದರು. ಅಂಗೈ ಮುಚ್ಚಿತ್ತು. ತೆರೆದು ತೋರಿಸಿದರು. ಏಳೆಂಟು ಬೇಳೆಕಾಳು, ಒಂದು ಸಣ್ಣ ಕಂದು ಹುಳ.

"ನಿನ್ನೆ ಬಂದ ಚೀಲದಾಗ ಕಂಡದರಿ" ಅಂದರು. "ಇನ್ನಾ ಒಲೆ ಹಚ್ಚಿಲ್ರಿ."