ಕರಿಬೇವಿನಲ್ಲಿ ಹುಟ್ಟಿದ 'ರೋಸ್'

ಕೊನೆಗೂ ಸಾಕ್ಷಿ ಸಿಕ್ಕಿತು. ತುಮಕೂರಿನ ನಮ್ಮ ಬೀದಿಗೆ ಬರುವ 'ಕಾಮನ್ ರೋಸ್' ಚಿಟ್ಟೆಗಳೆಲ್ಲ ರೋಸ್ ಅಲ್ಲ. ಬಲೆ ಪೆಟ್ಟಿಗೆಯೊಳಗೆ ಈಗ ಕಾಮನ್ ಮಾರ್ಮನ್ ಅನ್ನೋ ಬೇರೆ ಜಾತಿ ಚಿಟ್ಟೆಯ ಹೆಣ್ಣೊಂದು ರೋಸ್ ವೇಷ ಹಾಕಿಕೊಂಡು ಕೂತಿದೆ.

ನಿಮಗೆ ಗೊತ್ತೇ ಇದೆ, ಕಾಮನ್ ಮಾರ್ಮನ್ ಹೆಣ್ಣಿಗೆ ನಮ್ಮ ಕಡೆ ಮೂರು ರೂಪ. ಒಂದು ಗಂಡಿನ ಹಾಗೇ, ಒಂದು ಕಾಮನ್ ರೋಸ್ ಹಾಗೆ, ಇನ್ನೊಂದು ಕ್ರಿಮ್ಸನ್ ರೋಸ್ ಅನ್ನೋ ಮತ್ತೊಂದು ಚಿಟ್ಟೆ ಹಾಗೆ. ರೋಸ್ ಮೈ ಕೆಂಪು, ಮಾರ್ಮನ್ ಮೈ ಕಪ್ಪು, ಇಷ್ಟೇ ಗುರುತು ಅಂತ ಎಲ್ಲರೂ ಹೇಳುತ್ತಾರೆ. ಸರಿ ಸ್ವಾಮಿ, ಲಂಟಾನ ಮೇಲೆ ಒಂದು ಕ್ಷಣವೂ ರೆಕ್ಕೆ ನಿಲ್ಲಿಸದ ಚಿಟ್ಟೆಯ ಮೈ ಯಾವ ಫೋಟೋದಲ್ಲಿ ಬೀಳುತ್ತೆ? ನನ್ನ ಫೋಲ್ಡರ್ ತುಂಬಾ ಬಿಳಿ ಮಚ್ಚೆ, ಕೆಂಪು ಚುಕ್ಕಿ. ಮಿಕ್ಕಿದ್ದೆಲ್ಲ ಮಸಕು.

ಅದಕ್ಕೇ ಹುಳುವಿನ ಊಟದ ಕಡೆಯಿಂದ ಹೊರಟೆ. ರೋಸ್ ಹುಳುವಿಗೆ ಈಶ್ವರಿ ಬಳ್ಳಿ ಮತ್ತು ಅದರ ದಾಯಾದಿಗಳೇ ಬೇಕು. ಕರಿಬೇವು, ನಿಂಬೆ ಮಾರ್ಮನ್ ಪಾಲು. ಕರಿಬೇವು ತಿಂದ ಹುಳು ರೋಸ್ ಮುಖ ಹೊತ್ತು ಬಂದರೆ ಆಮೇಲೆ ವಾದಕ್ಕೆ ಜಾಗ ಇಲ್ಲ, ಅಲ್ವಾ?

ಜಾಗ ಇತ್ತು. ಹುಳುಗಳೇ ಉಳಿಯಲಿಲ್ಲ. ನರ್ಸರಿಯಿಂದ ತಂದ ಕರಿಬೇವಿನ ಗಿಡಕ್ಕೆ ಮಾರ್ಮನ್ ಮರಿಹುಳು ಬಿಟ್ಟೆ. ಹಕ್ಕಿ ಹಿಕ್ಕೆಯಂತಿದ್ದ ಮರಿಗಳು ಸಂಜೆವರೆಗೆ ಚೆನ್ನಾಗಿ ಮೇಯ್ದವು. ಬೆಳಿಗ್ಗೆ ನೋಡಿದರೆ ಬಾಯಲ್ಲಿ ಹಸಿರು ನೀರು, ಹಿಂಗಾಲಿನಲ್ಲಿ ತಲೆಕೆಳಗಾಗಿ ನೇತಾಡುತ್ತಿವೆ. ಎಲೆ ತೊಳೆದು ಕೊಟ್ಟರೂ ಅದೇ ಕಥೆ. 'ಔಷಧಿ ಹೊಡೆದೇ ಇಲ್ಲ ಸಾರ್' ಅಂತ ನರ್ಸರಿಯವರು ಆಣೆ ಇಟ್ಟರು. ಹುಳು ಮುಟ್ಟದ, ಒಂದೂ ತೂತಿಲ್ಲದ ಕರಿಬೇವು ಈ ಊರಲ್ಲಿ ಔಷಧಿ ಇಲ್ಲದೆ ಬೆಳೆಯುತ್ತಂತೆ! ಸಂತೆಯ ಕಟ್ಟು ಇನ್ನೂ ಮೋಸ. ಹೊಸಬರಿಗೆ ಒಂದೇ ಮಾತು: ಗಿಡ ಕೊಳ್ಳುವಾಗ ಎಲೆಯಲ್ಲಿ ತೂತು ಹುಡುಕಿ.

ಕಡೆಗೆ ಕೈ ಹಿಡಿದದ್ದು ಹಿಂದಿನ ಬೀದಿ ಅಜ್ಜಿಯ ಹಿತ್ತಲಿನ ಮರ. 'ಹುಳ ಸಾಕೋಕೆ ಸೊಪ್ಪು ಬೇಕೇನಪ್ಪಾ? ತಗೊಂಡೋಗು, ಮನೇಲಿ ಹೆಂಡ್ತಿ ಏನಂತಾಳೋ' ಅಂದರು. ಹೆಂಡತಿ ಏನಂದಳು ಅನ್ನೋದು ಇಲ್ಲಿ ಬೇಡ. ಆ ಎಲೆ ತಿಂದ ಹುಳುಗಳು ಹಿಕ್ಕೆ ಬಣ್ಣ ಬಿಟ್ಟು ಹಸಿರಾದವು. ಮುಟ್ಟಿದರೆ ತಲೆ ಹಿಂದಿನಿಂದ ಕೆಂಪು ಕವಲು ಚಾಚಿ ಗಬ್ಬು ವಾಸನೆ ಬಿಟ್ಟವು. ಅದು ಬಂದ ಮೇಲೇ ನನಗೆ ಧೈರ್ಯ ಬಂದದ್ದು.

ಮೊದಲು ಹೊರಬಂದದ್ದು ಗಂಡು. ಆಮೇಲೆ ಕಂದು ಕೋಶವೊಂದು ಕಪ್ಪಿಟ್ಟು, ಸಿಪ್ಪೆಯ ಒಳಗಿಂದ ಬಿಳಿ ಮಚ್ಚೆ ಕಾಣತೊಡಗಿತು. ತಲೆ ಕಡೆ ಸೀಳಿತು, ಮುದುಡಿದ ರೆಕ್ಕೆ ನಿಧಾನಕ್ಕೆ ಇಳಿಬಿದ್ದು ಹರಡಿತು. ನಡುವೆ ಬಿಳಿ, ಅಂಚಿನಲ್ಲಿ ಕೆಂಪು, ಥೇಟ್ ರೋಸ್. ಮೈ ಮಾತ್ರ ಕಪ್ಪು, ತಲೆ ಹತ್ತಿರ ಬಿಳಿ ಚುಕ್ಕಿ. ಕೆಂಪು ಒಂದು ಕೂದಲಷ್ಟೂ ಇಲ್ಲ.

ರೋಸ್ ಹುಳು ಬಳ್ಳಿಯ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತೆ, ಹಕ್ಕಿಗಳು ಅದನ್ನು ಬಿಟ್ಟುಬಿಡುತ್ತವೆ. ಇವಳು ಕರಿಬೇವು ತಿಂದು ಆ ಹೆಸರಲ್ಲಿ ಬದುಕುತ್ತಾಳೆ. ಈ ವೇಷವನ್ನೆಲ್ಲ ನಡೆಸುವುದು ಡಬಲ್‌ಸೆಕ್ಸ್ ಅನ್ನೋ ಒಂದೇ ಜೀನ್ ಅಂತ ಚಿಟ್ಟೆ ವಿಜ್ಞಾನಿ ಕೃಷ್ಣಮೇಘ್ ಕುಂಟೆ ಮತ್ತು ಜೊತೆಗಾರರು 2014ರಲ್ಲಿ ತೋರಿಸಿದರು. ಗಂಡಿನಲ್ಲೂ ಆ ಜೀನ್ ಇದೆ, ವೇಷ ಮಾತ್ರ ಹೆಣ್ಣಿಗೆ.

ನಿಜವಾದ ರೋಸ್ ಬರೋದೇ ಇಲ್ಲ ಅಂತಲ್ಲ. ಅದನ್ನೂ ಸಾಕಿ ನೋಡೋಣ ಅಂತ ಇನ್ನೊಂದು ನರ್ಸರಿಯಲ್ಲಿ ಈಶ್ವರಿ ಬಳ್ಳಿ ಕೇಳಿದೆ. ಕೊಟ್ಟದ್ದು ಈಶ್ವರಿ ಬಳ್ಳಿಯದೇ ಕುಲದ, ದಕ್ಷಿಣ ಅಮೆರಿಕದ ಅಲಂಕಾರದ ಅರಿಸ್ಟೊಲೋಕಿಯಾ. ಅಗಲ ಎಲೆ, ಕಂದು ಚಿತ್ತಾರದ ದೊಡ್ಡ ಹೂ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಅನ್ನೋ ಚಿಟ್ಟೆ ಇದರ ಮೇಲೆ ಮೊಟ್ಟೆ ಇಡುತ್ತೆ, ಹುಳುಗಳು ತಿಂದು ಸಾಯುತ್ತವೆ. ಚಿಟ್ಟೆ ತೋಟಕ್ಕೆ ಬೇಡವೇ ಬೇಡ. ವಾಪಸ್ ತಗೊಳ್ಳಲ್ಲವಂತೆ, 'ಹೂ ಚೆನ್ನಾಗಿದೆ ಇಟ್ಕೊಳ್ಳಿ' ಅಂದರು.

ಈ ನಡುವೆ ತಲೆಗೆ ಹೊಕ್ಕಿರೋದು ಕಾಮನ್ ಜೆಜೆಬೆಲ್ ಅನ್ನೋ ಚಿಟ್ಟೆ. ಅದರ ಹುಳುವಿಗೆ ಬದನಿಕೆ ಬೇಕು, ಮರದ ಕೊಂಬೆ ಮೇಲೇ ಬೆಳೆಯುವ ಪರಾವಲಂಬಿ ಬದನಿಕೆಗೆ ಮಾವಿನಂಥ ಮರ ಬೇಕು. ಅಂಟು ಬೀಜವನ್ನು ಹಕ್ಕಿ ಕೊಂಬೆಗೆ ಒರೆಸುತ್ತಲ್ಲ, ಹಾಗೇ ನಾನೂ ಕೈಯಲ್ಲಿ ಅಂಟಿಸಿ ನೋಡಬೇಕು. ಗುಬ್ಬಿ ತಾಲೂಕಿನ ಕಡೆ ಒಬ್ಬರು ಮಾವಿನ ತೋಟದವರನ್ನು ಕೇಳಿದೆ. 'ಅದನ್ನ ಕಡಿಯೋಕೆ ಕೂಲಿ ಕೊಡ್ತೀವಿ, ನೀವು ಬೆಳೆಸೋಕೆ ಬಂದ್ರಾ?' ಅಂದರು. ಮೂಲೆಯಲ್ಲಿ ಕಾಯಿ ಬಿಡದ ಮರ ಒಂದಿದೆಯಂತೆ. ಸುಗ್ಗಿ ಮುಗಿದ ಮೇಲೆ ಮಾತಾಡೋಣ ಅಂದಿದ್ದಾರೆ.