ನಾಚಿಕೆ ಯಾರಿಗೆ?

ಜರ್ಮನಿಯ ಫ್ರಾಂಕ್‌ಫರ್ಟ್‌ನ ನೀಡರ್‌ರಾಡ್ ಬಡಾವಣೆಯಲ್ಲಿ ಒಂದು ಮನೆಯ ಗೋಡೆ ತುಂಬಾ ಫುಟ್‌ಬಾಲ್ ಆಟಗಾರನ ಚಿತ್ರವಿದೆ. ಆಂಟನಿ ಯೆಬೊವಾ. ಪಕ್ಕದಲ್ಲಿ ಜರ್ಮನ್‌ನಲ್ಲಿ ಒಂದು ಸಾಲು: ನಮ್ಮ ವಿರುದ್ಧ ಕೂಗುವ ಎಲ್ಲರ ಬಗ್ಗೆ ನಮಗೆ ನಾಚಿಕೆಯಾಗುತ್ತದೆ.

ಘಾನಾದ ಕುಮಾಸಿಯ ಹುಡುಗ. 1988ರಲ್ಲಿ ಜರ್ಮನಿಯ ಸಾರ್‌ಬ್ರೂಕನ್ ಕ್ಲಬ್‌ಗೆ ಬಂದ, 1990ರಲ್ಲಿ ಐನ್‌ಟ್ರಾಖ್ಟ್ ಫ್ರಾಂಕ್‌ಫರ್ಟ್ ಕ್ಲಬ್‌ಗೆ. ಆಗ ಕಪ್ಪು ಆಟಗಾರರ ಕಾಲಿಗೆ ಚೆಂಡು ಸಿಕ್ಕರೆ ಸಾಕು, ಗ್ಯಾಲರಿಯಿಂದ ಮಂಗನ ಕೂಗು, ಮೈದಾನಕ್ಕೆ ಬಾಳೆಹಣ್ಣು. ಯೆಬೊವಾ, ಅವನಂತೆಯೇ ಜರ್ಮನಿಯಲ್ಲಿ ಆಡುತ್ತಿದ್ದ ಕಪ್ಪು ಆಟಗಾರರಾದ ಆಂಟನಿ ಬಫೋ, ಸುಲೇಮಾನ್ ಸಾನೆ ಮೂವರೂ ಸೇರಿ ಬಹಿರಂಗ ಪತ್ರ ಬರೆದರು. ಆ ಸಾಲು ಅದರದ್ದೇ. ಬೈದವರಿಗೆ ತಿರುಗಿ ಬೈಯಲಿಲ್ಲ, ಅವರ ಪರವಾಗಿ ತಾವೇ ನಾಚಿಕೊಂಡರು! ನನಗಂತೂ ಅಷ್ಟು ತಾಳ್ಮೆ ಇರುತ್ತಿರಲಿಲ್ಲ.

ಆಮೇಲೆ ಯೆಬೊವಾ ಸುಮ್ನೆ ಗೋಲು ಹೊಡೆಯುತ್ತಾ ಹೋದ. 1992-93ರಲ್ಲಿ 20, ಮುಂದಿನ ಸೀಸನ್‌ನಲ್ಲಿ 18. ಎರಡು ವರ್ಷವೂ ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲೀಗಾದ ಜಂಟಿ ಟಾಪ್ ಸ್ಕೋರರ್. ತಂಡದ ನಾಯಕನೂ ಆದ. ಗೋಲು ಹೊಡೆದವನನ್ನು ಎಲ್ಲರೂ 'ನಮ್ಮವನು' ಅಂತಾರೆ. ಗೋಲೇ ಬರದ ದಿನ ಏನನ್ನುತ್ತಾರೆ ಅನ್ನೋದೇ ಅಸಲಿ ಪರೀಕ್ಷೆ ಅಲ್ವಾ?

1994ರ ಕೊನೆಗೆ ಕೋಚ್ ಯುಪ್ ಹೈಂಕೆಸ್ ಜೊತೆ ಜಗಳವಾಯಿತು. ಯೆಬೊವಾ ಇಂಗ್ಲೆಂಡಿನ ಲೀಡ್ಸ್ ಕ್ಲಬ್‌ಗೆ ಹೊರಟ. ಅಲ್ಲಿ ಲಿವರ್‌ಪೂಲ್ ವಿರುದ್ಧ ಹೊಡೆದ ವಾಲಿ (ಚೆಂಡು ನೆಲ ಮುಟ್ಟುವ ಮೊದಲೇ ಒದೆಯುವ ಹೊಡೆತ) ನೋಡಿಲ್ಲದಿದ್ದರೆ ಈಗಲೇ ಹುಡುಕಿ ನೋಡಿ. 1997ರಲ್ಲಿ ಮತ್ತೆ ಜರ್ಮನಿಗೇ ಬಂದ, ಹ್ಯಾಂಬರ್ಗ್‌ಗೆ.

ಅಂದಹಾಗೆ, ಪತ್ರ ಬರೆದ ಸುಲೇಮಾನ್ ಸಾನೆಯ ಮಗನೇ ಲೆರಾಯ್ ಸಾನೆ. ಹುಟ್ಟಿದ್ದು ಎಸ್ಸೆನ್‌ನಲ್ಲಿ, ಆಡಿದ್ದು ಜರ್ಮನಿಯ ತಂಡಕ್ಕೆ.