ಒಂಬತ್ತನೇ ಕಲಂನಲ್ಲಿ ತಾತನ ಹೆಸರು

2023ರ ಮುಂಗಾರಿನಲ್ಲಿ ನಮ್ಮ ಹೊಲದ ರಾಗಿ ಮೊಣಕಾಲೆತ್ತರಕ್ಕೂ ಬೆಳೆಯದೆ ಒಣಗಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ನಮ್ಮದೂ ಅವುಗಳಲ್ಲಿ ಒಂದೆಂಬುದು ಊರಿನಲ್ಲಿ ಯಾರಿಗೂ ಸುದ್ದಿಯೆನಿಸಲಿಲ್ಲ. ಪರಿಹಾರದ ಹಣ ಯಾರ ಖಾತೆಗೆ ಬೀಳುತ್ತದೆ ಎಂಬುದೊಂದೇ ಅರಳಿಕಟ್ಟೆಯ ಮಾತಾಗಿತ್ತು.

ಹಣ ಬರುವುದೇ ತಡವಾಯಿತು. ಕೇಂದ್ರದಿಂದ ರಾಜ್ಯ ಸರ್ಕಾರ ಕೇಳಿದ್ದು 18,171 ಕೋಟಿ ರೂಪಾಯಿ. ತಿಂಗಳುಗಟ್ಟಲೆ ಕಾದ ಮೇಲೆ ರಾಜ್ಯವು ತನ್ನ ಬೊಕ್ಕಸದಿಂದ ರೈತರಿಗೆ ಗರಿಷ್ಠ 2,000 ರೂಪಾಯಿಯನ್ನು ಮೊದಲ ಕಂತೆಂದು ಕೊಟ್ಟಿತು, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಒಣಗಿದ ಬೆಳೆಯ ಹಣ ರೈತರ ಕೈಸೇರುವ ಹೊತ್ತಿಗೆ ಮುಂದಿನ ವರ್ಷದ ಉಳುಮೆ ಆರಂಭವಾಗಿತ್ತು.

ಆಗಿನ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ ಸಿಗುತ್ತಿತ್ತು, ಅದೂ ಗರಿಷ್ಠ ಎರಡು ಹೆಕ್ಟೇರಿಗೆ ಮಾತ್ರ. ನಮ್ಮ ಕಡೆ ಹೆಕ್ಟೇರಿನಲ್ಲಿ ಹೊಲ ಅಳೆಯುವವರಿಲ್ಲ. ಎಕರೆ ಗುಂಟೆಯಲ್ಲಿ ಹೇಳುವುದಾದರೆ ಒಣಭೂಮಿಯ ಪ್ರತಿ ಗುಂಟೆಗೆ 86 ರೂಪಾಯಿ. ಇದು ಕಳೆದುಕೊಂಡ ಬೆಳೆಯ ಬೆಲೆಯಲ್ಲ, ಬಿತ್ತನೆ ಬೀಜ, ಗೊಬ್ಬರಗಳ ಖರ್ಚಿಗೆ ಕೊಡುವ ಸಹಾಯಧನ ಎಂಬುದು ಸರ್ಕಾರದ ವಿವರಣೆ. ಈಗಿನ ಕೂಲಿಯ ದರದಲ್ಲಿ ಒಂದು ಸಾರಿ ಕಳೆ ತೆಗೆಸಿದರೇ ಆ ಲೆಕ್ಕ ಚುಕ್ತಾ ಆಗುತ್ತದೆ.

ಆದರೆ ನಮ್ಮ ಮನೆಯ ಕಥೆ ಮೊತ್ತದವರೆಗೂ ಹೋಗಲೇ ಇಲ್ಲ. ಮೂರೂವರೆ ಎಕರೆಯನ್ನು ಇಪ್ಪತ್ತು ವರ್ಷಗಳಿಂದ ಉಳುತ್ತಿರುವವರು ನಮ್ಮ ಚಿಕ್ಕಪ್ಪ. ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ ಒಂಬತ್ತನೇ ಕಲಂನಲ್ಲಿ ಇರುವುದು ತೀರಿಹೋದ ತಾತನ ಹೆಸರು. ಪರಿಹಾರ ತಂತ್ರಾಂಶವು ರೈತರ ಸರ್ಕಾರಿ ನೋಂದಣಿಯಾದ ಫ್ರೂಟ್ಸ್‌ನ ಗುರುತಿನ ಸಂಖ್ಯೆಯನ್ನು ನೋಡುತ್ತದೆ, ಆ ಸಂಖ್ಯೆ ಪಹಣಿದಾರರ ಆಧಾರ್ ಕೇಳುತ್ತದೆ, ಹಣವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಹೋಗುತ್ತದೆ. ಆಧಾರ್ ಬರುವ ಮೊದಲೇ ಕಣ್ಣುಮುಚ್ಚಿದ ತಾತನಿಂದ ಬೆರಳಚ್ಚು ತರುವುದು ಹೇಗೆ? ಮಧ್ಯವರ್ತಿಗಳನ್ನು ದೂರವಿಡಲು ಕಟ್ಟಿದ ಈ ವ್ಯವಸ್ಥೆ ಆ ಮಟ್ಟಿಗೆ ಒಳ್ಳೆಯದೇ, ನಾನು ಅಲ್ಲಗಳೆಯುವುದಿಲ್ಲ. ಅದು ಉಳುವವನನ್ನೂ ಅಷ್ಟೇ ಅಚ್ಚುಕಟ್ಟಾಗಿ ಹೊರಗಿಟ್ಟಿತು. ಬೆಳೆ ಸಮೀಕ್ಷೆಗೆ ಬಂದ ಹುಡುಗ ಒಣಗಿದ ಪೈರಿನ ಫೋಟೊ ತೆಗೆದು ಮೊಬೈಲಿನಲ್ಲಿ ದಾಖಲಿಸಿದ್ದನಾದ್ದರಿಂದ, ನಮ್ಮ ಸರ್ವೆ ನಂಬರಿನಲ್ಲಿ ಬೆಳೆ ನಷ್ಟವಾದುದಕ್ಕೆ ಸರ್ಕಾರದ ಬಳಿಯೇ ಸಾಕ್ಷಿಯಿತ್ತು. ಹಣ ಪಡೆಯಲು ಮಾತ್ರ ಯಾರೂ ಇರಲಿಲ್ಲ.

ಪಕ್ಕದ ಹೊಲವನ್ನು ಗುತ್ತಿಗೆಗೆ ಮಾಡಿದವರ ಪಾಡು ಇನ್ನೂ ವಿಚಿತ್ರ. ಬೀಜ, ಗೊಬ್ಬರ, ಬೆವರು ಎಲ್ಲ ಅವರದು. ಬಾಯಿಮಾತಿನ ಗುತ್ತಿಗೆಯಾದ್ದರಿಂದ ಯಾವ ದಾಖಲೆಯಲ್ಲೂ ಅವರಿಲ್ಲ. ಪರಿಹಾರ ಬಂದದ್ದು ಬೆಂಗಳೂರಿನಲ್ಲಿರುವ ಜಮೀನಿನ ಯಜಮಾನರಿಗೆ. ಅವರು ಸಜ್ಜನರು, ಅರ್ಧ ಹಣವನ್ನು ಕಳುಹಿಸಿಕೊಟ್ಟರು. ಇನ್ನು ಕೆಲವರಿಗೆ ಬಂದ ಹಣವನ್ನು ಬ್ಯಾಂಕಿನವರು ಹಳೆಯ ಸಾಲಕ್ಕೆ ಜಮಾ ಮಾಡಿಕೊಂಡರು. ಹಾಗೆ ಮಾಡಬಾರದೆಂದು ಸರ್ಕಾರ ಆಮೇಲೆ ಸೂಚಿಸಬೇಕಾಯಿತು.

ಈಗ ಸರ್ಕಾರವೇ ಪೌತಿ ಖಾತೆಯ, ಅಂದರೆ ತೀರಿಹೋದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ, ಆಂದೋಲನ ನಡೆಸುತ್ತಿರುವುದರಿಂದ ಚಿಕ್ಕಪ್ಪ ವಂಶವೃಕ್ಷ ಮಾಡಿಸಿ, ಮರಣ ಪತ್ರ ಹುಡುಕಿಸಿ ಅರ್ಜಿ ಕೊಟ್ಟಿದ್ದಾರೆ. ತಾತನಿಗೆ ಐವರು ಮಕ್ಕಳು. ನಾಲ್ವರು ಒಪ್ಪಿದ್ದಾರೆ. ಐದನೆಯವರಾದ ನಮ್ಮ ದೊಡ್ಡತ್ತೆ, ಚಿಕ್ಕಪ್ಪನ ಮೇಲೆ ಅವಿಶ್ವಾಸವಿದ್ದುದರಿಂದಲ್ಲ, ಮಂಡಿನೋವಿನಿಂದ ನಾಡಕಚೇರಿಗೆ ಬರಲಾಗದೆ ಕುಳಿತಿದ್ದಾರೆ. ಮುಂದಿನ ವಾರ ಅವರನ್ನು ಕಾರಿನಲ್ಲಿ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿದೆ.